ಆಮೆಯನ್ನು ತೂಗಿದ ಪಾದ್ರಿ

1780ರ ಮಾರ್ಚ್ ತಿಂಗಳು. ಇಂಗ್ಲೆಂಡಿನ ದಕ್ಷಿಣದಲ್ಲಿರುವ ರಿಂಗ್ಮರ್ ಎಂಬ ಹಳ್ಳಿ. ಅರವತ್ತಕ್ಕೆ ಕೆಲವೇ ತಿಂಗಳು ಬಾಕಿಯಿದ್ದ ಪಾದ್ರಿಯೊಬ್ಬ, ಆಗಷ್ಟೇ ತೀರಿಕೊಂಡಿದ್ದ ಸೋದರತ್ತೆಯ ಮನೆಯಂಗಳದಲ್ಲಿ ನೆಲ ಅಗೆಸಿ ಒಂದು ಆಮೆಯನ್ನು ಹೊರತೆಗೆದ. ಚಳಿನಿದ್ದೆಯಲ್ಲಿದ್ದ ಆಮೆ ಬುಸ್ಸೆಂದು ಸಿಟ್ಟು ತೋರಿಸಿತು. ಅದನ್ನು ಮಣ್ಣು ತುಂಬಿದ ಪೆಟ್ಟಿಗೆಯಲ್ಲಿಟ್ಟು ಕುದುರೆಗಾಡಿಯಲ್ಲಿ ಎಂಬತ್ತು ಮೈಲಿ ದೂರದ ತನ್ನೂರಿಗೆ ತಂದ. ಗಾಡಿಯ ಕುಲುಕಾಟಕ್ಕೆ ಆಮೆಗೆ ಪೂರ್ತಿ ಎಚ್ಚರವಾಗಿತ್ತು. ತೋಟದಲ್ಲಿ ಬಿಟ್ಟಾಗ ಎರಡು ಸಲ ತೋಟದ ತುದಿಯವರೆಗೂ ನಡೆಯಿತು. ಸಂಜೆ ಚಳಿ ಏರಿದ್ದೇ ಸಡಿಲ ಮಣ್ಣಿನಲ್ಲಿ ಮತ್ತೆ ಹೂತುಕೊಂಡಿತು. ಆ ಪಾದ್ರಿಯ ಹೆಸರು ಗಿಲ್ಬರ್ಟ್ ವೈಟ್. ಆಮೆಯ ಹೆಸರು ತಿಮೋತಿ.

ನನಗೆ ಈ ವೈಟ್ ಸಿಕ್ಕಿದ್ದು ರಾಬರ್ಟ್‌ಸನ್‌ಪೇಟೆಯ ಒಂದು ಗುಜರಿ ಅಂಗಡಿಯಲ್ಲಿ. ಕೆಜಿಎಫ್‌ನಲ್ಲಿ ಹಳೇ ಇಂಗ್ಲಿಷ್ ಪುಸ್ತಕಗಳಿಗೆ ಬರವಿಲ್ಲ. ದೊರೆಗಳು ಹೋದರು, ಗಣಿಯೂ ಮುಚ್ಚಿತು, ಅವರ ಕಪಾಟುಗಳಲ್ಲಿದ್ದದ್ದು ಒಂದೊಂದೇ ತೂಕದ ಲೆಕ್ಕದಲ್ಲಿ ಹೊರಗೆ ಬರುತ್ತಲೇ ಇದೆ. ಗಸ್ತು ಅರಣ್ಯ ಪಾಲಕ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದ ನಾನು ಸಾಮಾನ್ಯ ಜ್ಞಾನದ ಗೈಡ್ ಹುಡುಕಿಕೊಂಡು ಹೋಗಿದ್ದೆ. ಬೆನ್ನು ಹರಿದ ಒಂದು ಪುಸ್ತಕ ತೆರೆದಾಗ ಆಮೆಯ ವಿಷಯ ಕಣ್ಣಿಗೆ ಬಿತ್ತು. ಚಾಂಪಿಯನ್ ರೀಫ್ಸ್‌ನ ನಮ್ಮ ಲೈನಿನಲ್ಲೂ ಆಗ ಒಂದು ಆಮೆ ಇತ್ತು, ಅದಕ್ಕೆ ಹುಷಾರಿರಲಿಲ್ಲ. ಗೈಡ್ ಬಿಟ್ಟು ಆ ಪುಸ್ತಕ ತಂದೆ. ಇಂಗ್ಲಿಷ್ ಹಳೆಯದು, ವಾಕ್ಯಗಳು ಉದ್ದ. ಡಿಕ್ಷನರಿ ಇಟ್ಟುಕೊಂಡು ಓದಿ ಮುಗಿಸಲು ಒಂದು ಮಳೆಗಾಲವೇ ಹಿಡಿಯಿತು.

ಗಿಲ್ಬರ್ಟ್ ವೈಟ್ ಹುಟ್ಟಿದ್ದು 1720ರ ಜುಲೈ 18ರಂದು, ಹ್ಯಾಂಪ್‌ಶೈರ್‌ನ ಸೆಲ್ಬರ್ನ್ ಎಂಬ ಸಣ್ಣ ಹಳ್ಳಿಯಲ್ಲಿ. ಅಜ್ಜ ಆ ಊರಿನ ಚರ್ಚಿನ ಪಾದ್ರಿ, ಆತನ ಹೆಸರೂ ಗಿಲ್ಬರ್ಟ್ ವೈಟ್. ಮೊಮ್ಮಗ ಹುಟ್ಟಿದ್ದು ಪಾದ್ರಿಯ ಮನೆಯಲ್ಲೇ. ಆಕ್ಸ್‌ಫರ್ಡ್‌ನ ಓರಿಯಲ್ ಕಾಲೇಜಿನಲ್ಲಿ ಓದಿ 1743ರಲ್ಲಿ ಪದವಿ ಪಡೆದ, ಮರುವರ್ಷ ಅದೇ ಕಾಲೇಜಿನ ಫೆಲೋ ಆದ. ನಡುವೆ ಸಿಡುಬು ಬಂದು ಸಾಯುವಂತಾಗಿ ಬದುಕಿದ. ಓದಿದ್ದಾಯಿತು, ದೀಕ್ಷೆಯೂ ಆಯಿತು, ಇನ್ನು ಕೆಲಸ ಬೇಕು. ಇಲ್ಲಿಂದ ಮುಂದಿನ ಕತೆ ನಮ್ಮಲ್ಲಿ ಬಹಳ ಜನರಿಗೆ ಪರಿಚಿತ.

ಆತನಿಗೆ ಬೇಕಿದ್ದದ್ದು ಸ್ವಂತ ಊರಿನ ಚರ್ಚಿನ ಕಾಯಂ ಹುದ್ದೆ. ಅದು ಸಿಗುವಂತಿರಲಿಲ್ಲ. ಸೆಲ್ಬರ್ನ್‌ಗೆ ಪಾದ್ರಿಯನ್ನು ನೇಮಿಸುವ ಹಕ್ಕು ಆಕ್ಸ್‌ಫರ್ಡ್‌ನ ಮ್ಯಾಗ್ಡಲೆನ್ ಕಾಲೇಜಿನದು, ವೈಟ್ ಓದಿದ್ದು ಓರಿಯಲ್‌ನಲ್ಲಿ. ಕಾಲೇಜು ಬೇರೆ, ಅಷ್ಟೇ. ನೋಟಿಫಿಕೇಷನ್ನಿನಲ್ಲಿ ನಮ್ಮ ಕಾಲಂ ಇಲ್ಲದಿದ್ದರೆ ಹೇಗೋ ಹಾಗೆ. 1757ರಲ್ಲಿ ಓರಿಯಲ್ ಕಾಲೇಜಿನ ಮುಖ್ಯಸ್ಥನ ಹುದ್ದೆಗೆ ಪ್ರಯತ್ನಿಸಿದ, ಸೋತ. ಸುತ್ತಲಿನ ಹಳ್ಳಿಗಳಲ್ಲಿ ಮತ್ತು ಸ್ವಂತ ಊರಿನಲ್ಲಿ ಕ್ಯುರೇಟ್, ಅಂದರೆ ಪಾದ್ರಿಯ ಬದಲಿಗೆ ಪೂಜೆ ನಡೆಸಿಕೊಡುವ ಸಹಾಯಕನಾಗಿ ದುಡಿದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಗೆಸ್ಟ್ ಲೆಕ್ಚರರ್. ದೂರದ ಒಂದು ಊರಿನ ಚರ್ಚಿನಿಂದ ಸ್ವಲ್ಪ ಆದಾಯ, ಫೆಲೋಶಿಪ್‌ನಿಂದ ಸ್ವಲ್ಪ ಆದಾಯ. ಮದುವೆಯಾದರೆ ಫೆಲೋಶಿಪ್ ಹೋಗುತ್ತಿತ್ತು. ಆತ ಮದುವೆಯಾಗಲೇ ಇಲ್ಲ.

ಬೇರೆ ಕಡೆ ಹೋಗಿದ್ದರೆ ಇನ್ನೂ ಒಳ್ಳೆಯ ಜಾಗ ಸಿಗುತ್ತಿತ್ತು. ಹೋಗಲಿಲ್ಲ. ಗಾಡಿಯಲ್ಲಿ ಕೂತರೆ ತಲೆಸುತ್ತು ಬರುತ್ತಿದ್ದ ಮನುಷ್ಯ, ಹೆಚ್ಚಾಗಿ ಕುದುರೆಯ ಮೇಲೇ ಓಡಾಡುತ್ತಿದ್ದ. ಆದರೆ ಸೆಲ್ಬರ್ನ್ ಬಿಡದಿದ್ದದ್ದಕ್ಕೆ ಅದೊಂದೇ ಕಾರಣವಲ್ಲ ಅನಿಸುತ್ತದೆ. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ನಮ್ಮೂರಿನ ಅರ್ಧ ಯೌವನ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸಾಗುತ್ತದೆ. ಅಷ್ಟು ತಿರುಗಾಡಿಯೂ ಊರು ಬಿಡದವರು ಇದ್ದಾರೆ. ಯಾಕೆಂದು ಕೇಳಿದರೆ ಅವರಿಗೂ ಸರಿಯಾದ ಉತ್ತರ ಗೊತ್ತಿಲ್ಲ.

ವೈಟ್ ವಾಸವಿದ್ದ ಮನೆಗೆ ದಿ ವೇಕ್ಸ್ ಎಂದು ಹೆಸರು. ಮನೆಯ ಹಿಂದೆ ತೋಟ, ತೋಟದ ಆಚೆ ಬೀಚ್ ಮರಗಳ ಕಡಿದಾದ ಗುಡ್ಡ. ತಮ್ಮನ ಜೊತೆ ಸೇರಿ ಆ ಗುಡ್ಡಕ್ಕೆ ಹತ್ತಲು ಅಂಕುಡೊಂಕಿನ ದಾರಿ ಕಡಿದ. ಗಾಡಿಗಟ್ಟಲೆ ಗೊಬ್ಬರ ಹೊಡೆಸಿ ಚಳಿ ಸೀಮೆಯಲ್ಲಿ ಕರಬೂಜ ಬೆಳೆದ. 1751ರಲ್ಲಿ ತೋಟದ ದಿನಚರಿ ಬರೆಯಲು ಶುರುಮಾಡಿದ: ಇವತ್ತು ಏನು ಬಿತ್ತಿದೆ, ಏನು ಮೊಳೆಯಿತು, ಏನು ಸತ್ತಿತು. 1768ರಿಂದ ಅದು ದೊಡ್ಡದಾಯಿತು. ಡೇನ್ಸ್ ಬ್ಯಾರಿಂಗ್ಟನ್ ಎಂಬ ನ್ಯಾಯಾಧೀಶ ಗೆಳೆಯ ಅಚ್ಚು ಹಾಕಿಸಿದ್ದ ಪುಸ್ತಕದಲ್ಲಿ ಗಾಳಿ, ಮಳೆ, ಉಷ್ಣತೆ, ಮೊದಲು ಕಂಡ ಹಕ್ಕಿ, ಮೊದಲು ಅರಳಿದ ಹೂವು ಎಂದು ಕಾಲಂಗಳಿದ್ದವು. ಆ ಕಾಲಂಗಳನ್ನು ವೈಟ್ ಸಾಯುವ ತಿಂಗಳಿನವರೆಗೆ, ಇಪ್ಪತ್ತೈದು ವರ್ಷ ತುಂಬಿಸಿದ.

ಅದರಿಂದ ಏನಾಯಿತು? ಒಂದೇ ಥರ ಕಾಣುತ್ತಿದ್ದ ಮೂರು ಪುಟ್ಟ ಹಕ್ಕಿಗಳು ಬೇರೆ ಬೇರೆ ಜಾತಿಯವು ಎಂದು ಅವುಗಳ ಕೂಗು ಕೇಳಿ ಗುರುತಿಸಿದ. ಇಂಗ್ಲೆಂಡಿನ ಅತಿ ಚಿಕ್ಕ ಇಲಿಯನ್ನು ಆ ದೇಶದ ವಿದ್ವಾಂಸರಿಗೆ ಪರಿಚಯಿಸಿದ. ಎರೆಹುಳು ಇಲ್ಲದಿದ್ದರೆ ಹೊಲ ಸಾಯುತ್ತದೆ ಎಂದು ಡಾರ್ವಿನ್‌ಗಿಂತ ನೂರು ವರ್ಷ ಮೊದಲೇ ಬರೆದ. ಊರಿನಲ್ಲಿ ಪ್ರತಿವರ್ಷ ಸ್ವಿಫ್ಟ್ ಹಕ್ಕಿಗಳ ಎಂಟೇ ಜೋಡಿ ಇರುತ್ತವೆ, ಹಾಗಾದರೆ ಹುಟ್ಟಿದ ಮರಿಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಕೇಳಿದ. ದೂರಬೀನು, ಪ್ರಯೋಗಾಲಯ ಯಾವುದೂ ಇಲ್ಲ. ಅದೇ ಊರು, ಅದೇ ಬೇಲಿ, ಅದೇ ಮನುಷ್ಯ.

ಆಮೆ ಆತನ ಬದುಕಿಗೆ ಬಂದದ್ದು ಅತ್ತೆಯ ಮನೆಯಿಂದ. ಅತ್ತೆ ರೆಬೆಕ್ಕಾ ಸ್ನೂಕ್, ವಿಧವೆ. ಆಕೆಯ ಗಂಡ 1740ರ ಸುಮಾರಿಗೆ ನಾವಿಕನೊಬ್ಬನಿಂದ ಅರ್ಧ ಕ್ರೌನ್ ಕೊಟ್ಟು ಆ ಆಮೆಯನ್ನು ಕೊಂಡಿದ್ದನಂತೆ. ಗೋಡೆ ಕಟ್ಟಿದ ಅಂಗಳದಲ್ಲಿ ಅದು ಸುಮಾರು ನಲವತ್ತು ವರ್ಷ ಒಂಟಿಯಾಗಿ ಬದುಕಿತು. ವೈಟ್ ವರ್ಷಕ್ಕೊಮ್ಮೆ ಅತ್ತೆಯನ್ನು ನೋಡಲು ಹೋದಾಗಲೆಲ್ಲ ಆಮೆಯನ್ನೂ ನೋಡುತ್ತಿದ್ದ. ಮೊದಮೊದಲು ಅದರ ಬಗ್ಗೆ ಗೌರವವೇನೂ ಇರಲಿಲ್ಲ. ಬದುಕಿನ ಮೂರನೇ ಎರಡು ಭಾಗಕ್ಕೂ ಹೆಚ್ಚನ್ನು ನಿದ್ದೆಯಲ್ಲೇ ಕಳೆಯುವ ಪ್ರಾಣಿಗೆ ದೇವರು ಇಷ್ಟು ದೀರ್ಘ ಆಯುಸ್ಸು ಯಾಕೆ ಕೊಟ್ಟನೋ ಎಂದು ಅಚ್ಚರಿಪಟ್ಟಿದ್ದಾನೆ.

ಆದರೆ ನೋಡುವುದನ್ನು ನಿಲ್ಲಿಸಲಿಲ್ಲ. 1771ರ ನವೆಂಬರ್ 1ರಂದು ಆಮೆ ಚಳಿಗಾಲಕ್ಕಾಗಿ ಗುಂಡಿ ತೋಡಲು ಶುರುಮಾಡಿತು. ಮುಂಗಾಲಿನಿಂದ ಕೆರೆದು, ಹಿಂಗಾಲಿನಿಂದ ಮಣ್ಣು ಮೇಲೆ ಹಾಕುತ್ತಿತ್ತು. ಗಡಿಯಾರದ ಗಂಟೆಯ ಮುಳ್ಳಿನಷ್ಟು ನಿಧಾನ. ಹಗಲು ರಾತ್ರಿ ಕೆಲಸ, ಮಧ್ಯಾಹ್ನ ಬಿಸಿಲು ಬಂದರೆ ಬಿಡುವು. ವೈಟ್ ಹದಿಮೂರನೇ ತಾರೀಕಿನವರೆಗೂ ಅಲ್ಲೇ ಇದ್ದ. ಅಷ್ಟಾದರೂ ಗುಂಡಿ ಮುಗಿದಿರಲಿಲ್ಲ. ಒಂದು ಆಮೆ ಮಣ್ಣು ಕೆರೆಯುವುದನ್ನು ಹದಿಮೂರು ದಿನ ನೋಡಿದವನು! ಹದಿಮೂರು ನಿಮಿಷ ಫೋನ್ ಮುಟ್ಟದೆ ಕೂರಲು ನಾನೂ ಒಮ್ಮೆ ಪ್ರಯತ್ನಿಸಿದೆ. ಫಲಿತಾಂಶ ಇಲ್ಲಿ ಬೇಡ.

ತಿಮೋತಿಯ ಊಟೋಪಚಾರವನ್ನೂ ವೈಟ್ ಬರೆದಿಟ್ಟ. ಲೆಟ್ಯೂಸ್, ಡ್ಯಾಂಡೆಲಿಯನ್‌ನಂಥ ಹಾಲು ಒಸರುವ ಸೊಪ್ಪು ಅದಕ್ಕೆ ಇಷ್ಟ, ಬಿಸಿಲುಗಾಲದಲ್ಲಿ ಸೌತೆಕಾಯಿ. ಚಳಿನಿದ್ದೆಯಿಂದ ಎದ್ದ ಕೂಡಲೇ ಏನೂ ತಿನ್ನುತ್ತಿರಲಿಲ್ಲ, ನಿದ್ದೆಗೆ ಹೋಗುವ ಮುಂಚೆಯೂ ತಿನ್ನುತ್ತಿರಲಿಲ್ಲ. ನಡುಬೇಸಿಗೆಯಲ್ಲಿ ಮಾತ್ರ ಗಬಗಬ ಮುಗಿಸುತ್ತಿತ್ತು. ಉರಿಬಿಸಿಲಿನಲ್ಲಿ ಎಲೆಕೋಸಿನ ಅಗಲ ಎಲೆಯ ಕೆಳಗೆ ಸೇರುತ್ತಿತ್ತು. ಬಿಸಿಲು ಎಳೆಯದಾಗುವ ಕಾಲಕ್ಕೆ ಗೋಡೆಗೆ ಒರಗಿ ಚಿಪ್ಪನ್ನು ಓರೆಮಾಡಿ ಕಾಯಿಸಿಕೊಳ್ಳುತ್ತಿತ್ತು. ಮೇಲೆ ಗಾಡಿಯ ಚಕ್ರ ಹರಿದರೂ ತಡೆಯುವಂಥ ಚಿಪ್ಪು ಹೊತ್ತ ಪ್ರಾಣಿ ಮಳೆ ಹನಿಗೆ ಮಾತ್ರ ವಿಪರೀತ ಹೆದರುತ್ತಿತ್ತು. ನಾಲ್ಕು ಹನಿ ಬಿದ್ದರೆ ಸಾಕು, ತಲೆ ಮುಚ್ಚಿಕೊಳ್ಳಲು ಮೂಲೆ ಹುಡುಕುತ್ತಿತ್ತು. ಇನ್ನೊಂದು ವಿಷಯವನ್ನು ವೈಟ್ ಮೆಚ್ಚಿಕೊಂಡು ಬರೆದಿದ್ದಾನೆ: ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತನಗೆ ಊಟ ಹಾಕಿದ ಮುದುಕಿಯನ್ನು ಅದು ಗುರುತಿಸುತ್ತಿತ್ತು. ಆಕೆ ಕಂಡರೆ ಕುಂಟುತ್ತ ಅವಸರ ಮಾಡಿ ಹತ್ತಿರ ಬರುತ್ತಿತ್ತು. ಹೊಸಬರನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಸೆಲ್ಬರ್ನ್‌ಗೆ ಬಂದ ಮೇಲೆ ವೈಟ್‌ಗೆ ಪುರುಸೊತ್ತೂ ಇತ್ತು, ಆಮೆಯೂ ಕೈಗೆ ಸಿಗುವಂತಿತ್ತು. ಊರಿನ ಅಂಗಡಿಯ ತಕ್ಕಡಿಗೆ ಒಯ್ದು ತೂಗಿಸುತ್ತಿದ್ದ. ಆರೂಮುಕ್ಕಾಲು ಪೌಂಡಿನ ಆಸುಪಾಸು, ಅಂದರೆ ಸುಮಾರು ಮೂರು ಕಿಲೋ. ವರ್ಷವರ್ಷವೂ ಕೆಲವು ಔನ್ಸ್‌ಗಳ ಏರಿಳಿತ, ಅಷ್ಟನ್ನೂ ಬರೆದುಕೊಂಡ. ತುತ್ತೂರಿಯಂಥ ಕೊಳವೆ ಹಿಡಿದು ಅದರ ಮುಂದೆ ಕೂಗಿ ನೋಡಿದ, ಆಮೆ ಕ್ಯಾರೇ ಅನ್ನಲಿಲ್ಲ. ಒಮ್ಮೆ ನೀರು ತುಂಬಿದ ತೊಟ್ಟಿಗೆ ಬಿಟ್ಟ. ಅದು ಮೆಲ್ಲಗೆ ಮುಳುಗಿ ತಳದಲ್ಲಿ ನಡೆದಾಡಿತು, ಗಾಬರಿಯಾಗಿತ್ತು. ಇದು ನೀರಿನ ಜೀವಿಯಲ್ಲ ಎಂದು ವೈಟ್ ಬರೆದು, ವಿಷಯ ಅಲ್ಲಿಗೆ ಮುಗಿಸಿದ.

ಈ ಪುಟ ಓದಿದ ರಾತ್ರಿ ನನಗೆ ನಿದ್ದೆ ಸರಿ ಬರಲಿಲ್ಲ. ನಮ್ಮ ಲೈನಿನ ಆಮೆ ಇದ್ದದ್ದೇ ನೀರಿನ ಟಬ್ಬಿನಲ್ಲಿ.

ಅದು ನಕ್ಷತ್ರ ಆಮೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಡುವಿನಿಂದ ಸುತ್ತಲೂ ಚಾಚಿ ನಕ್ಷತ್ರದಂತೆ ಕಾಣುತ್ತವೆ. ಅಂಗೈಯಲ್ಲಿ ಎದ್ದು ಕಾಣುವ ಈ ಚಿತ್ತಾರ ಒಣಹುಲ್ಲಿನ ನೆರಳು ಬಿಸಿಲಿನಲ್ಲಿ ಇಟ್ಟರೆ ಮಾಯವಾಗುತ್ತದೆ. ಕೋಲಾರ, ಚಿತ್ತೂರು ಕಡೆಯ ಕುರುಚಲು ಕಾಡು ಅವುಗಳ ಮನೆ. ಪಾಟಿಯ ಗಂಡ ಚಾಂಪಿಯನ್ ಗಣಿಯಲ್ಲಿ ಕೆಲಸಕ್ಕಿದ್ದವರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಆ ವರ್ಷದ ಮಳೆಯಲ್ಲಿ ಆಂಧ್ರದ ಗಡಿ ಕಡೆ ಸೌದೆಗೆ ಹೋದಾಗ ಸಿಕ್ಕಿದ್ದನ್ನು ಎತ್ತಿಕೊಂಡು ಬಂದರು. ಆಮೆ ಮನೆಗೆ ಬಂದರೆ ಲಕ್ಷ್ಮಿ ಬಂದಂತೆ ಎಂದು ಯಾರೋ ಹೇಳಿದ್ದರು. ಕೆಲಸ ಹೋದ ವರ್ಷ ಯಾರು ಏನು ಹೇಳಿದರೂ ನಂಬುವ ಹಾಗಿತ್ತು. (ಪಾಟಿ ಅಂದರೆ ತಮಿಳಿನಲ್ಲಿ ಅಜ್ಜಿ. ನಮ್ಮ ಲೈನಿನಲ್ಲಿ ತಮಿಳು, ತೆಲುಗು, ಕನ್ನಡ ಯಾವ ಮನೆಯ ಮಕ್ಕಳಾದರೂ ಅವರನ್ನು ಕರೆಯುವುದು ಹಾಗೆಯೇ.)

ತಾತ ಹೋದರು, ಆಮೆ ಉಳಿಯಿತು. ಪಾಟಿ ಅದಕ್ಕೆ ಅನ್ನ, ಹಾಲಿನಲ್ಲಿ ನೆನೆಸಿದ ಬಿಸ್ಕತ್ತು ಕೊಡುತ್ತಿದ್ದರು. ಶುಕ್ರವಾರ ಚಿಪ್ಪಿಗೆ ಎಣ್ಣೆ ಸವರಿ ಅರಿಶಿನ ಕುಂಕುಮ ಇಡುತ್ತಿದ್ದರು. ತಾವು ತಿನ್ನುವ ಮುಂಚೆ ಅದಕ್ಕೆ ತಿನ್ನಿಸುತ್ತಿದ್ದರು. ಪ್ರೀತಿಯಲ್ಲಿ ಒಂದು ಗುಲಗಂಜಿಯಷ್ಟೂ ಕಮ್ಮಿಯಿರಲಿಲ್ಲ. ಆದರೆ ಆಮೆ ಎಂದರೆ ಬಾವಿಯದ್ದು, ಕೆರೆಯದ್ದು ಎಂಬುದು ನಮ್ಮ ಕಡೆಯ ತಿಳಿವಳಿಕೆ. ನೀರಾಮೆಗೂ ನೆಲದಾಮೆಗೂ ಕನ್ನಡದಲ್ಲಿ ಒಂದೇ ಹೆಸರಿರುವುದು ಇಲ್ಲಿ ಪ್ರಾಣಕ್ಕೇ ಬರುತ್ತದೆ. ನೋಡಿ ಹೇಳುವುದು ಸುಲಭ: ಈಜುವ ಆಮೆಯ ಬೆರಳುಗಳ ನಡುವೆ ಪೊರೆ, ಚಿಪ್ಪು ಚಪ್ಪಟೆ. ನೆಲದ ಆಮೆಯ ಕಾಲು ಆನೆಯ ಕಾಲಿನ ಹಾಗೆ ಕಂಬ, ಬೆನ್ನು ಗುಮ್ಮಟ. ನಕ್ಷತ್ರ ಆಮೆಯ ಗುಮ್ಮಟವಂತೂ ಗಣಿತದವರಿಗೂ ಕೆಲಸ ಕೊಟ್ಟಿದೆ. ಹೇಗೆ ಮಗುಚಿದರೂ ತಾನಾಗಿ ಒಂದೇ ನಿಲುವಿಗೆ ಬಂದು ನಿಲ್ಲುವ ಗೋಂಬೋಟ್ಸ್ ಎಂಬ ಆಕೃತಿಯನ್ನು ಹಂಗೆರಿಯ ಇಬ್ಬರು ವಿಜ್ಞಾನಿಗಳು 2006ರಲ್ಲಿ ರೂಪಿಸಿದರು. ಅದಕ್ಕೆ ಬಹಳ ಹತ್ತಿರದ ಆಕಾರ ಪ್ರಕೃತಿಯಲ್ಲಿ ಕಂಡದ್ದು ನಮ್ಮ ಈ ಆಮೆಯ ಚಿಪ್ಪಿನಲ್ಲಿ.

ಪಾಟಿಯ ಆಮೆಯ ಹೊಟ್ಟೆಚಿಪ್ಪು ಮೆತ್ತಗಾಗಿತ್ತು. ಒಂದೆಡೆ ಬಿಳಿ ಮಚ್ಚೆ, ಒತ್ತಿದರೆ ಕೆಟ್ಟ ವಾಸನೆ. ಬೆನ್ನಿನ ನಕ್ಷತ್ರಗಳು ಒಂದೊಂದೂ ಗೋಪುರದಂತೆ ಉಬ್ಬಿಕೊಂಡಿದ್ದವು. ಅದು ಅಂದವೆಂದೇ ನಾವೆಲ್ಲ ತಿಳಿದಿದ್ದೆವು. ನಕ್ಷತ್ರ ಆಮೆಗಳಲ್ಲಿ ಹುಟ್ಟಿನಿಂದ ಸ್ವಲ್ಪ ಉಬ್ಬು ಇದ್ದೇ ಇರುತ್ತದೆ, ನಿಜ. ಆದರೆ ಸಾಕಿದ ಆಮೆಗಳಲ್ಲಿ ಅದು ಅತಿಯಾಗುವುದು ಎಳೆತನದಲ್ಲಿ ತೇವಾಂಶ ಸಾಲದೆ, ಆಹಾರ ತಪ್ಪಿದಾಗ. ಚಿಪ್ಪನ್ನು ನಾವು ಪೆಟ್ಟಿಗೆ ಎಂದುಕೊಳ್ಳುತ್ತೇವೆ. ಅದು ಆಮೆಯ ಪಕ್ಕೆಲುಬು ಮತ್ತು ಬೆನ್ನೆಲುಬು ಕೂಡಿಕೊಂಡು ಬೆಳೆದ ಮೂಳೆ. ಮೇಲೆ ನಮ್ಮ ಉಗುರಿನಂಥ ಪದರ, ಒಳಗೆ ರಕ್ತ, ನರ ಎಲ್ಲವೂ ಇವೆ. ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ, ತೂತು ಕೊರೆದರೆ ನೋಯುತ್ತದೆ. ಮೂಳೆ ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ಅದು ಮೈಗೆ ಹತ್ತಲು ಡಿ ವಿಟಮಿನ್ ಬೇಕು, ಅದಕ್ಕೆ ನೇರ ಬಿಸಿಲು ಬೇಕು. ಕಿಟಕಿಯ ಗಾಜಿನಿಂದ ಸೋಸಿ ಬಂದ ಬಿಸಿಲು ಈ ಕೆಲಸಕ್ಕೆ ಬಾರದು. ಅನ್ನ, ಹಾಲು, ಬಿಸ್ಕತ್ತು ಅದರ ಹೊಟ್ಟೆಗಲ್ಲ, ಗರಿಕೆ, ಕಳೆ ಸೊಪ್ಪು, ಪಾಪಾಸುಕಳ್ಳಿ, ಉದುರಿದ ಹೂವು ಹಣ್ಣು ಅದರ ಊಟ. ಪಾಲಕ್ ಸೊಪ್ಪು ಒಳ್ಳೆಯದೆಂದು ದಿನಾ ಹಾಕಿದರೆ ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಗಲು ರಾತ್ರಿ ನೀರಿನಲ್ಲಿ ಕೂತರೆ ಚಿಪ್ಪು ಕೊಳೆಯುತ್ತದೆ. ಎಣ್ಣೆ ಹಚ್ಚಿದರೆ ಧೂಳು, ಶಿಲೀಂಧ್ರ ಅಂಟಿಕೊಳ್ಳುತ್ತವೆ.

ಇವೆಲ್ಲ ವೈಟ್ ಹೇಳಿದ್ದಲ್ಲ. ಆತನ ಕಾಲಕ್ಕೆ ವಿಟಮಿನ್ ಎಂಬ ಮಾತೇ ಇರಲಿಲ್ಲ. ಪಶುವೈದ್ಯರೊಬ್ಬರು ಹೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು. ಆದರೆ ತಿಮೋತಿಯ ಅಂಗಳ ನೆನಪಿಸಿಕೊಳ್ಳಿ: ಅಗೆಯಲು ಮಣ್ಣು, ಓರೆಯಾಗಿ ಒರಗಲು ಗೋಡೆ, ನೆರಳಿಗೆ ಕೋಸಿನ ಎಲೆ, ತಿನ್ನಲು ಕಳೆ ಸೊಪ್ಪು, ಬಯಲ ಬಿಸಿಲು. ಏನೂ ಗೊತ್ತಿಲ್ಲದೆಯೇ ಆ ಅತ್ತೆ ಎಲ್ಲವನ್ನೂ ಕೊಟ್ಟಿದ್ದಳು. ಆಮೆಗೆ ಅದರ ಪಾಡಿಗೆ ಇರಲು ಬಿಟ್ಟಿದ್ದೇ ಅದಕ್ಕೆ ಕಾರಣ ಇರಬೇಕು.

ಒಂದು ವ್ಯತ್ಯಾಸ ಮಾತ್ರ ನನಗೆ ಬಹಳ ಹಿಡಿಸಿತು. ತಿಮೋತಿ ಮಳೆಗೆ ಓಡಿಹೋಗುತ್ತಿತ್ತು. ನಮ್ಮದು ಮಳೆಗೇ ಹೊರಬರುವ ಜೀವ. ಬೇಸಿಗೆಯಲ್ಲಿ ಪೊದೆಯಡಿ ಅಲುಗಾಡದೆ ಬಿದ್ದಿದ್ದು, ಮುಂಗಾರು ಬಿದ್ದ ಮೇಲೆ ಮೇಯಲು, ಜೋಡಿ ಹುಡುಕಲು ಹೊರಡುತ್ತದೆ. ನಮ್ಮ ಕಡೆ ಅವು ರಸ್ತೆ ದಾಟುತ್ತ ಕಾಣಸಿಗುವುದೂ, ಎತ್ತಿಕೊಂಡು ಹೋಗುವವರ ಕೈಗೆ ಬೀಳುವುದೂ ಆಗಲೇ.

ಎತ್ತಿಕೊಂಡು ಹೋಗುವವರ ವಿಷಯ ಈ ಪುಟ ಓದುವ ವಯಸ್ಸಿನವರಿಗೆ ಹೇಳಲೇಬೇಕು. ನಕ್ಷತ್ರ ಆಮೆ ಜಗತ್ತಿನಲ್ಲೇ ಅತಿ ಹೆಚ್ಚು ಕಳ್ಳಸಾಗಣೆಯಾಗುವ ಆಮೆಗಳಲ್ಲಿ ಒಂದು. ಬೇಲಿಯಿಂದ ಹೆಕ್ಕಿ ತರುವ ಹುಡುಗನಿಗೆ ಪುಡಿಗಾಸು, ಸಾಗಿಸುವವನಿಗೆ ಸ್ವಲ್ಪ ಹೆಚ್ಚು, ಹೊರದೇಶದ ಅಂಗಡಿಯಲ್ಲಿ ದೊಡ್ಡ ಬೆಲೆ. ಕೆಲಸವಿಲ್ಲದ ಕೈಗಳನ್ನೇ ದಲ್ಲಾಳಿಗಳು ಹುಡುಕುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಇದು ಹುಲಿ, ಆನೆಗಳ ಜೊತೆ ಮೊದಲನೇ ಪಟ್ಟಿಯಲ್ಲಿದೆ. ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಪೊಲೀಸ್ ವೆರಿಫಿಕೇಷನ್ ಎಂಬುದೊಂದು ಇದೆಯಲ್ಲ, ಅದಾದ ಮೇಲೆ ಯಾವ ಸರ್ಕಾರಿ ಕೆಲಸ? 2019ರಿಂದ ಅಂತರರಾಷ್ಟ್ರೀಯ ವ್ಯಾಪಾರವೂ ಪೂರ್ತಿ ನಿಷೇಧ. 2018ರಲ್ಲಿ ಸಿಂಗಪುರದಲ್ಲಿ ಸಿಕ್ಕಿಬಿದ್ದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಕರ್ನಾಟಕಕ್ಕೆ ವಾಪಸು ಬಂದವು. ಅಷ್ಟು ಅದೃಷ್ಟ ಎಲ್ಲಕ್ಕೂ ಇರುವುದಿಲ್ಲ.

ಹಾಗಾದರೆ ಪಾಟಿಯೂ ಅಪರಾಧಿಯೇ. ಅವರಿಗೆ ಇದನ್ನು ಹೇಗೆ ಹೇಳುವುದು? ಅರಣ್ಯ ಇಲಾಖೆಯ ಕೆಲಸಕ್ಕೆ ಓದುತ್ತಿರುವವನ ಪಕ್ಕದ ಮನೆಯಲ್ಲೇ ಮೊದಲನೇ ಪಟ್ಟಿಯ ಪ್ರಾಣಿ. ಹೇಳದೆ ಸುಮ್ಮನಿದ್ದರೆ ಆಮೆ ಸಾಯುತ್ತದೆ, ಹೇಳಿದರೆ ಪಾಟಿ ಒಂಟಿಯಾಗುತ್ತಾರೆ. ಎರಡು ದಿನ ಬಿಟ್ಟು, ಮೊದಲು ಟಬ್ಬಿನ ವಿಷಯ ಮಾತ್ರ ಹೇಳಿದೆ. ಬಚ್ಚಲ ಪಕ್ಕ ಇಟ್ಟಿಗೆ ಜೋಡಿಸಿ ಒಣಮಣ್ಣು ಹಾಕಿದೆವು, ಮಡಕೆಯೊಂದನ್ನು ಅಡ್ಡ ಮಲಗಿಸಿ ನೆರಳು ಮಾಡಿದೆವು, ಕುಡಿಯಲು ತಟ್ಟೆಯಲ್ಲಿ ನೀರು. ಗರಿಕೆ ಹಾಕಿದರೆ ಮೂರು ದಿನ ಮೂಸಿಯೂ ನೋಡಲಿಲ್ಲ. ನಾಲ್ಕನೇ ದಿನ ಕತ್ತರಿಸಿ ತಿಂದಿತು. ವೈಟ್‌ನ ಹಾಗೆ ಮೂಲೆ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿಸಿದೆ: ಒಂದು ಕಿಲೋ 850 ಗ್ರಾಂ. ವಾರದ ನಂತರ 1 ಕಿಲೋ 870. ಅಂಗಡಿಯವರು ಆಮೆಯ ಜೊತೆ ಸೆಲ್ಫಿ ಕೇಳಿದರು, ಬೇಡವೆಂದೆ.

ಚಿಪ್ಪಿನ ಕೊಳೆತಕ್ಕೆ ಮಾತ್ರ ಮನೆಮದ್ದು ಸಾಲದು. ಒಂದು ಊರಿನ ಪಶು ಆಸ್ಪತ್ರೆಯಲ್ಲಿ ದನ ಕುರಿ ಬಿಟ್ಟು ಬೇರೆ ನೋಡುವುದಿಲ್ಲ ಎಂದು ಬಾಗಿಲಲ್ಲೇ ಕಳಿಸಿದರು. ಇನ್ನೊಂದು ಕಡೆಯ ವೈದ್ಯರು ಸತ್ತ ಭಾಗ ಶುಚಿಮಾಡಿ, ಮುಲಾಮು ಹಚ್ಚಿ, ಕೂರಿಸಿಕೊಂಡು ಮಾತಾಡಿದರು. ಅರಣ್ಯ ಇಲಾಖೆಗೆ ನೀವಾಗಿಯೇ ಒಪ್ಪಿಸಿ, ಅವರ ಬಳಿ ಇದರ ಚಿಕಿತ್ಸೆಗೆ ಜಾಗವಿದೆ ಎಂದರು. ಸಿಕ್ಕಿದ ಕಾಡಿಗೆ ನಾವೇ ಬಿಟ್ಟುಬರೋಣವೇ ಎಂದು ಪಾಟಿ ಕೇಳಿದರು. ಅದೂ ಕೂಡದಂತೆ. ಇಷ್ಟು ವರ್ಷ ಮನೆಯಲ್ಲಿದ್ದ ಆಮೆಗೆ ಮೇವು ಹುಡುಕಲು ಬಾರದಿರಬಹುದು, ಮನೆಯ ಕಾಯಿಲೆ ಕಾಡಿನ ಆಮೆಗಳಿಗೆ ಹತ್ತಬಹುದು.

ಪಾಟಿ ಒಂದು ವಾರ ಏನೂ ಹೇಳಲಿಲ್ಲ. ಆ ವಾರ ನಾನು ಅವರಿಗೆ ರಿಂಗ್ಮರ್‌ನ ಅಂಗಳದ ಮುದುಕಿಯ ಕತೆ ಹೇಳಿದೆ. ಅವರಿಗೆ ವೈಟ್ ಬಗ್ಗೆ ಆಸಕ್ತಿ ಇರಲಿಲ್ಲ, ಆ ಮುದುಕಿ ಸತ್ತ ಮೇಲೆ ಆಮೆ ಏನು ಮಾಡಿತು ಎಂಬುದಷ್ಟೇ ಬೇಕಿತ್ತು. ಹೊಸ ಮನೆಯಲ್ಲಿ ಇನ್ನೂ ಹದಿನಾಲ್ಕು ವರ್ಷ ಬದುಕಿತು ಎಂದೆ. ಮರುದಿನ ಬೆಳಗ್ಗೆ ತಾವೇ ಸೆರಗು ಬಿಗಿದು ಹೊರಟರು. ವಲಯ ಕಚೇರಿಯಲ್ಲಿ ಹೇಳಿಕೆ ಬರೆಸಿಕೊಂಡರು, ಹೆಬ್ಬೆಟ್ಟು ಒತ್ತಿಸಿಕೊಂಡರು, ಗದರಲಿಲ್ಲ. ರಟ್ಟಿನ ಪೆಟ್ಟಿಗೆಗೆ ಪಾಟಿ ನಮ್ಮ ಲೈನಿನ ಮಣ್ಣನ್ನೇ ತುಂಬಿ ತಂದಿದ್ದರು. ವೈಟ್ ಹಾಗೆ ಮಾಡಿದ್ದನೆಂದು ನಾನು ಹೇಳಿದ್ದೆನೋ ಇಲ್ಲವೋ ನೆನಪಿಲ್ಲ.

ಇನ್ನು ಸೆಲ್ಬರ್ನ್. 1784ರಲ್ಲಿ ತಿಮೋತಿ ತೋಟದಿಂದ ಪರಾರಿಯಾಯಿತು, ಕೆಲವು ದಿನ ಹುಡುಕಿದ ಮೇಲೆ ಸಿಕ್ಕಿತು. ಅದೇ ವರ್ಷ ಗೆಳೆಯನ ಮಗಳು ಹೆಕಿ ಮಲ್ಸೋಗೆ ವೈಟ್ ಒಂದು ತಮಾಷೆಯ ಪತ್ರ ಬರೆದ, ಆಮೆಯೇ ಬರೆದಂತೆ. ಅದರಲ್ಲಿ ತಿಮೋತಿ ತನ್ನ ಜನ್ಮವೃತ್ತಾಂತ ಹೇಳಿಕೊಳ್ಳುತ್ತದೆ, ಸೆರೆಯಾದದ್ದನ್ನು, ಒಂಟಿತನವನ್ನು, ಯಜಮಾನನ ಪ್ರಯೋಗಗಳಿಂದ ತನಗಾದ ಅವಮಾನವನ್ನು ದೂರುತ್ತದೆ. ನಗಿಸುವ ಪತ್ರವೇ. ಆದರೆ ಇಷ್ಟು ಆಯುಸ್ಸು ಇದಕ್ಕೆ ಯಾಕೆಂದು ಕೇಳಿದ್ದ ಮನುಷ್ಯ, ಕೆಲವೇ ವರ್ಷಗಳಲ್ಲಿ ಅದರ ಕಡೆಯಿಂದ ವಕಾಲತ್ತು ವಹಿಸುವಷ್ಟು ಬದಲಾಗಿದ್ದ. ಆತನ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಂಡ ಘಟನೆ ಇದೇ. ಬೇರೆ ಘಟನೆಗಳು ಅಷ್ಟಾಗಿ ಇಲ್ಲ ಕೂಡ.

ಪತ್ರದಲ್ಲಿ ಆಮೆ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದ್ದೆಂದು ಬರೆದ. ಅದು ಮೆಡಿಟರೇನಿಯನ್ ಸಮುದ್ರದ ಸುತ್ತಿನ ಜಾತಿ. ಬೇಸಿಗೆಯ ಮುಂಜಾನೆ ಅದು ತುದಿಗಾಲಲ್ಲಿ ತೋಟವೆಲ್ಲ ತಿರುಗುವುದು ಹೆಣ್ಣನ್ನು ಹುಡುಕಿಕೊಂಡು ಎಂದು ತಿಳಿದಿದ್ದ. ಅದೂ ತಪ್ಪೇ, ಮುಂದೆ ತಿಳಿಯಿತು. ಹಕ್ಕಿಗಳ ವಿಷಯದಲ್ಲೂ ಹಾಗೆಯೇ. ಚಳಿಗಾಲದಲ್ಲಿ ಕಾಣೆಯಾಗುವ ಕವಲುತೋಕೆಗಳು ದೂರದೇಶಕ್ಕೆ ಹೋಗುತ್ತವೆಯೋ, ಆಮೆಯ ಹಾಗೆ ಎಲ್ಲಾದರೂ ಬಚ್ಚಿಟ್ಟುಕೊಂಡು ಮಲಗುತ್ತವೆಯೋ ಎಂಬುದು ಕೊನೆಯವರೆಗೂ ಆತನಿಗೆ ಬಗೆಹರಿಯಲಿಲ್ಲ. ಬಗೆಹರಿಯದ್ದನ್ನು ಬಗೆಹರಿಯಲಿಲ್ಲವೆಂದೇ ಬರೆದ.

ಬ್ಯಾರಿಂಗ್ಟನ್‌ಗೂ ಥಾಮಸ್ ಪೆನಂಟ್ ಎಂಬ ಇನ್ನೊಬ್ಬ ವಿದ್ವಾಂಸನಿಗೂ ಇಪ್ಪತ್ತು ವರ್ಷ ಬರೆದ ಪತ್ರಗಳನ್ನು ಜೋಡಿಸಿ ಪುಸ್ತಕ ಮಾಡಿದ. ತಮ್ಮ ಬೆಂಜಮಿನ್ ಲಂಡನ್ನಿನ ಪ್ರಕಾಶಕ. ಪುಸ್ತಕ 1788ರ ಕೊನೆಗೆ ಹೊರಬಂತು, ಶೀರ್ಷಿಕೆ ಪುಟದಲ್ಲಿ 1789 ಎಂದಿದೆ. ಲೇಖಕನಿಗೆ ಆಗ 68 ವರ್ಷ, ಇದೇ ಮೊದಲ ಪುಸ್ತಕ, ಇದೇ ಕೊನೆಯದು. ಇವತ್ತಿಗೂ ಅದು ಅಚ್ಚಾಗುತ್ತಲೇ ಇದೆ. ಓರಿಯಲ್‌ನಲ್ಲಿ ಆತನನ್ನು ಸೋಲಿಸಿದವನ ಹೆಸರು ನಾನು ಹುಡುಕಿ ತಿಳಿದುಕೊಂಡಿದ್ದೆ, ಈಗ ಮರೆತಿದ್ದೇನೆ.

1793ರ ಜೂನ್ 26ರಂದು ವೈಟ್ ಸೆಲ್ಬರ್ನ್‌ನಲ್ಲೇ ತೀರಿಕೊಂಡ. ಹುಟ್ಟಿದ ಮನೆಗೂ ಸತ್ತ ಮನೆಗೂ ನಡುವೆ ಒಂದು ರಸ್ತೆ ದಾಟಿದಷ್ಟು ದೂರ. ಚರ್ಚಿನ ಬಯಲಲ್ಲಿರುವ ಗೋರಿಕಲ್ಲು ಚಿಕ್ಕದು, ಅದರ ಮೇಲೆ ಹೆಸರಿನ ಎರಡು ಮೊದಲಕ್ಷರ ಮತ್ತು ತಾರೀಕು. ತಿಮೋತಿ ಇನ್ನೊಂದು ಚಳಿಗಾಲ ಕಳೆದು 1794ರ ವಸಂತದಲ್ಲಿ ಸತ್ತಿತು. ಅದರ ಚಿಪ್ಪನ್ನು ಮನೆಯವರು ಎತ್ತಿಟ್ಟರು, ಮುಂದೆ ಅದು ಬ್ರಿಟಿಷ್ ಮ್ಯೂಸಿಯಂ ಸೇರಿ, ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. 1830ರ ದಶಕದಲ್ಲಿ ಒಬ್ಬ ಪ್ರಾಣಿಶಾಸ್ತ್ರಜ್ಞ ಅದಕ್ಕೆ ವೈಟ್‌ನ ಹೆಸರನ್ನೇ ಸೇರಿಸಿ ಹೊಸ ಜಾತಿಯೆಂದು ನಾಮಕರಣ ಮಾಡಿದ. ಆ ಹೆಸರು ನಿಲ್ಲಲಿಲ್ಲ, ಗ್ರೀಕ್ ಆಮೆ ಎಂಬ ಹಳೆಯ ಹೆಸರಿನಡಿಯೇ ಅದು ಸೇರಿಹೋಯಿತು. ಚಿಪ್ಪನ್ನು ಮಗುಚಿ ಹೊಟ್ಟೆಭಾಗ ಪರೀಕ್ಷಿಸಿದಾಗ ಇನ್ನೊಂದು ವಿಷಯವೂ ಗೊತ್ತಾಯಿತು: ಅರ್ಧ ಶತಮಾನಕ್ಕೂ ಮೇಲೆ ಎಲ್ಲರೂ ತಿಮೋತಿ ಎಂದು ಗಂಡು ಹೆಸರು ಹಿಡಿದು ಕರೆದದ್ದು ಒಂದು ಹೆಣ್ಣಾಮೆಯನ್ನು.